ಕ್ಯಾಮೆರಾ ಕೊಳ್ಳುವ ಮೊದಲು ಹಾಳೆಯ ಮೇಲೆ ಮೂರು ಕಾಲಂ ಹಾಕಿ

ದೀಪಾವಳಿಗೆ ವಿಜಯಪುರದಿಂದ ಬಂದ ತಂಗಿಯ ಮಗಳು ಚಪ್ಪಲಿ ಬಿಡುತ್ತಲೇ ಮೊಬೈಲ್ ತಂದು ನನ್ನ ಮೂಗಿನ ಮುಂದೆ ಹಿಡಿದಳು. ಪರದೆಯ ಮೇಲೆ ಎರಡು ಕ್ಯಾಮೆರಾ. ಒಂದು 83 ಪಟ್ಟು ಜೂಮ್ ಇರುವುದು, ಅದರ ಲೆನ್ಸ್ ಕ್ಯಾಮೆರಾದ ಬಾಡಿಯಲ್ಲೇ ಕಾಯಂ ಕೂತಿರುತ್ತದೆ, ಬಿಚ್ಚಲು ಬರುವುದಿಲ್ಲ. ಇನ್ನೊಂದು ಲೆನ್ಸ್ ಬಿಚ್ಚಿ ಬೇರೆ ಹಾಕುವಂಥದ್ದು. ಬೆಲೆ ಹೆಚ್ಚುಕಡಿಮೆ ಒಂದೇ.

“ಮಾಮಾ, ಇದ್ರಾಗ ಯಾವ್ದು ಛಲೋ ಐತಿ ಹೇಳ್ರಿ.”

“ಏನೇನು ತಗೀಬೇಕಂತ ಮಾಡೀದಿ?”

“ಎಲ್ಲಾ.”

ಈ ‘ಎಲ್ಲಾ’ಕ್ಕೆ ನಾನೊಮ್ಮೆ ದುಡ್ಡು ತೆತ್ತವನು. ನನ್ನದು ಪಶುಸಂಗೋಪನಾ ಇಲಾಖೆಯ ಕೆಲಸ, ಬೀಳಗಿ ತಾಲೂಕಿನ ಹಳ್ಳಿ ತಿರುಗಾಟ. ಬೈಕಿನ ಒಂದು ಬದಿಗೆ ಕಾಲುಬಾಯಿ ಬೇನೆಯ ಲಸಿಕೆ ಇಟ್ಟ ಐಸ್ ಡಬ್ಬಿ, ಇನ್ನೊಂದು ಬದಿಗೆ ಕ್ಯಾಮೆರಾ ಬ್ಯಾಗು. ಆಲಮಟ್ಟಿ ಹಿನ್ನೀರಿನ ಹಕ್ಕಿ ತೆಗೆಯಬೇಕೆಂದು ದೊಡ್ಡ ಜೂಮಿನ ಕ್ಯಾಮೆರಾ ಕೊಂಡೆ. ಹಕ್ಕಿ ಚೆನ್ನಾಗಿಯೇ ಬಂದವು. ಅದೇ ಹುಮ್ಮಸ್ಸಿನಲ್ಲಿ ಇವಳ ಅಕ್ಕನ ನಿಶ್ಚಯಕ್ಕೂ ಅದನ್ನೇ ಒಯ್ದೆ. ಕಲ್ಯಾಣ ಮಂಟಪದ ಹಳದಿ ಬೆಳಕಿನಲ್ಲಿ ಹುಡುಗಿಯ ಮುಖಕ್ಕೆ ರವೆ ಉದುರಿಸಿದಂತೆ ಫೋಟೋ ಬಂದವು. ನನ್ನ ತಂಗಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಎರಡು ವರ್ಷದ ಮೇಲೆ ಲೆನ್ಸ್ ಬದಲಿಸುವ ಬಗೆಯ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಬಂತು. ಈಗ ಎರಡೂ ಇವೆ. ಒಂದೇ ಕೊಳ್ಳುವ ದುಡ್ಡಿದ್ದವರು ಏನು ಮಾಡಬೇಕು ಅನ್ನುವುದನ್ನು ಅವಳಿಗೆ ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸಕ್ಕೆ ಅಂಗಡಿ ಬೇಕಿಲ್ಲ. ನಿಮ್ಮ ಮೊಬೈಲಿನಲ್ಲಿರುವ ಕಳೆದ ಒಂದು ವರ್ಷದ ಫೋಟೋ ತೆರೆಯಿರಿ. ಒಂದು ಹಾಳೆಯ ಮೇಲೆ ಮೂರು ಕಾಲಂ ಹಾಕಿ: ದೂರ, ಕತ್ತಲು, ಓಟ. ಚೆನ್ನಾಗಿ ಬಂದ ಫೋಟೋ ಎಣಿಸಬೇಡಿ. ಅವನ್ನು ಮೊಬೈಲೇ ತೆಗೆದಿದೆಯಲ್ಲ, ಅದಕ್ಕೆ ಇನ್ನೊಂದು ಕ್ಯಾಮೆರಾ ಯಾಕೆ? ‘ಛೇ’ ಅನ್ನಿಸಿದವನ್ನಷ್ಟೇ ನೋಡಿ. ಬೇಕಾದದ್ದು ಚುಕ್ಕೆಯಷ್ಟು ಸಣ್ಣದಾಗಿ ಬಂದಿದ್ದರೆ ‘ದೂರ’ಕ್ಕೆ ಒಂದು ಗೆರೆ. ಬೆಳಕು ಸಾಲದೆ ಕಾಳುಕಾಳಾಗಿದ್ದರೆ, ಕೈ ಅಲ್ಲಾಡಿದ್ದರೆ ‘ಕತ್ತಲು’. ಮಗು, ಎತ್ತು, ಕಬಡ್ಡಿ ಆಟಗಾರ ಕಲಸಿಹೋಗಿದ್ದರೆ ‘ಓಟ’. ಮನೆಯೊಳಗೆ ಓಡುವ ಮಗು ಎರಡು ಕಾಲಂಗೂ ಬರುತ್ತದೆ, ಎರಡಕ್ಕೂ ಗೆರೆ ಎಳೆಯಿರಿ. ಮುಂದೆ ತೆಗೆಯಬೇಕೆಂದು ಕನಸು ಕಂಡ ಹುಲಿ ಚಿರತೆಗಳನ್ನು ಇಲ್ಲಿ ಸೇರಿಸುವ ಹಾಗಿಲ್ಲ.

“ಇಷ್ಟ ಮಾಡಿದ್ರ ಗೊತ್ತಾಗತೈತೇನ್ರಿ?” ಅಂದಳು. ಬಹುಪಾಲು ಗೊತ್ತಾಗುತ್ತದೆ. ಹೇಗೆ ಅನ್ನುವುದಕ್ಕೆ ಒಂದೊಂದೇ ಕಾಲಂ ಹಿಡಿಯೋಣ.

ದೂರ

ಬೇಸಿಗೆ ಹತ್ತಿರವಾಗಿ ನೀರು ಇಳಿದ ಮೇಲೆ ಹಿನ್ನೀರಿನ ರಾಡಿಯಲ್ಲಿ ರಾಜಹಂಸಗಳು ನಿಂತಿರುತ್ತವೆ. ನಾವು ನಿಲ್ಲುವ ಗಟ್ಟಿ ನೆಲದಿಂದ ಅವುಗಳಿಗೆ 150 ಮೀಟರ್ ಅಂತ ಇಟ್ಟುಕೊಳ್ಳಿ. ಮುಂದೆ ಹೋದರೆ ಮೊಣಕಾಲುಮಟ ಕೆಸರು, ಹಕ್ಕಿಯೂ ಹಾರಿಹೋಗುತ್ತದೆ. ನಿಕಾನ್ ಪಿ900 ತರಹದ ಕ್ಯಾಮೆರಾದ ಜೂಮ್ 24ರಿಂದ 2000 ಮಿ.ಮೀ.ಗೆ ಸಮ (ಹಳೆಯ ರೀಲ್ ಕ್ಯಾಮೆರಾದ ಲೆನ್ಸಿನ ಲೆಕ್ಕದಲ್ಲಿ; ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ). ಪೂರ್ತಿ ಜೂಮಿನಲ್ಲಿ 150 ಮೀಟರ್ ಆಚೆಯ ಸುಮಾರು 2 ಮೀಟರ್ ಎತ್ತರದಷ್ಟು ಜಾಗ ಚೌಕಟ್ಟು ತುಂಬುತ್ತದೆ. ಒಂದೂಕಾಲು ಮೀಟರ್ ಎತ್ತರದ ಹಕ್ಕಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಂತು. ಅದೇ ಜಾಗದಲ್ಲಿ ನಿಂತು ಸಾಮಾನ್ಯ ಡಿಎಸ್‌ಎಲ್‌ಆರ್‌ಗೆ 55-250 ಲೆನ್ಸ್ ಹಾಕಿ ನೋಡಿ. ಸುಮಾರು 9 ಮೀಟರ್ ಎತ್ತರ ಚೌಕಟ್ಟಿನೊಳಗೆ ಬರುತ್ತದೆ, ಹಕ್ಕಿ ಅದರ ಏಳನೇ ಒಂದು ಪಾಲು. ಕಂಪ್ಯೂಟರಿನಲ್ಲಿ ಕತ್ತರಿಸಿ ಪಿ900ರಷ್ಟು ಹತ್ತಿರ ತಂದರೆ 24 ಮೆಗಾಪಿಕ್ಸೆಲ್ ಹೋಗಿ 1ರ ಆಸುಪಾಸು ಉಳಿಯುತ್ತದೆ.

150-600 ಲೆನ್ಸ್ ತಗೊಂಡರೆ? ಆಗ ಕತ್ತರಿಸಿದ ಮೇಲೂ 5 ಮೆಗಾಪಿಕ್ಸೆಲ್ ಮೇಲೆ ಉಳಿಯುತ್ತದೆ, ಪುಕ್ಕದ ಎಳೆಯೂ ಚೊಕ್ಕ ಬರುತ್ತದೆ, ನಿಜ. ಆದರೆ ಸಿಗ್ಮಾದ ಹಗುರ ಮಾದರಿಯ 150-600 ಲೆನ್ಸೇ 1.9 ಕಿಲೋ ತೂಗುತ್ತದೆ, ಬಾಡಿಯ ತೂಕ ಬೇರೆ. ಪಿ900 ಲೆನ್ಸ್ ಬ್ಯಾಟರಿ ಎಲ್ಲಾ ಸೇರಿ 900 ಗ್ರಾಂ. ಹಿನ್ನೀರಿನ ಹೆರಕಲ್ ದಂಡೆಯಲ್ಲಿ ತಾಸುಗಟ್ಟಲೆ ಕೈಯಲ್ಲಿ ಹಿಡಿದು ನಿಂತವರಿಗೆ ಈ ಒಂದು ಕಿಲೋ ಅಂದರೇನು ಅಂತ ಹೇಳಬೇಕಾಗಿಲ್ಲ. ದುಡ್ಡಿನ ಮಾತಿಗೆ ಬಂದರೆ, ಆ ಲೆನ್ಸ್ ಕೊಳ್ಳುವ ದುಡ್ಡಿನಲ್ಲಿ ಜೂಮ್ ಕ್ಯಾಮೆರಾ ಕೊಂಡು ಮೇಲೆ ಉಳಿಸಬಹುದು. ‘ದೂರ’ದ ಕಾಲಂ ಬೇರೆ ಎರಡನ್ನೂ ಮೀರಿ ಉದ್ದವಾಗಿದ್ದರೆ ಜೂಮ್ ಕ್ಯಾಮೆರಾ ತಗೊಳ್ಳಿ. ದೊಡ್ಡ ಕ್ಯಾಮೆರಾದವರು ಏನಾದರೂ ಅಂದುಕೊಳ್ಳಲಿ.

ಒಂದು ಎಚ್ಚರಿಕೆ. ನಮ್ಮ ಬಿಸಿಲಿನಲ್ಲಿ ಮುಂಜಾನೆ ಒಂಬತ್ತು ದಾಟಿತೆಂದರೆ ನೆಲದಿಂದ ಕಾವು ಏಳುತ್ತದೆ. 2000 ಮಿ.ಮೀ. ಜೂಮಿನಲ್ಲಿ ನೋಡಿದರೆ ಹಕ್ಕಿ ಕುದಿಯುವ ಎಸರಿನ ಮೇಲಿನ ಆವಿಯೊಳಗಿಂದ ಕಂಡಂತೆ ನಡುಗುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂತ ನಾನು ಮೊದಲ ವಾರ ಅಂಗಡಿಗೆ ಒಯ್ದಿದ್ದೆ! ಅದು ಗಾಳಿಯ ಆಟ, ಯಾವ ಲೆನ್ಸಿಗೂ ಮದ್ದಿಲ್ಲ. ಸೂರ್ಯ ಹುಟ್ಟಿದ ಮೇಲಿನ ಒಂದೂವರೆ ತಾಸು ಮಾತ್ರ ನಿಮ್ಮದು. ಹಾಗೆಯೇ, ಪೆಟ್ಟಿಗೆಯ ಮೇಲೆ ‘ಡಿಜಿಟಲ್ ಜೂಮ್’ ಅಂತ ಬರೆದ ದೊಡ್ಡ ಅಂಕಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಅದು ಕತ್ತರಿಸಿ ಹಿಗ್ಗಿಸುವುದು, ಮೊಬೈಲಿನಲ್ಲಿ ಎರಡು ಬೆರಳಿನಿಂದ ಮಾಡುತ್ತೀರಲ್ಲ, ಅದೇ.

ಕತ್ತಲು

ಜೂಮ್ ಕ್ಯಾಮೆರಾ ಅಷ್ಟು ದೂರ ಹೇಗೆ ನೋಡುತ್ತದೆ? ಒಳಗಿನ ಸೆನ್ಸರ್, ಅಂದರೆ ಬೆಳಕು ಬಿದ್ದು ಚಿತ್ರ ಮೂಡುವ ಫಲಕ, ಪುಟ್ಟದು, ಅದರಿಂದ. ಬಹಳಷ್ಟು ಜೂಮ್ ಕ್ಯಾಮೆರಾಗಳ ಸೆನ್ಸರ್ 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಅಂಗೈ ಮೇಲೆ ಒಂದು ತೊಗರಿ ಕಾಳು ಇಟ್ಟು ನೋಡಿ, ಸುಮಾರು ಅಷ್ಟೇ. ಕ್ಯಾನನ್ನಿನ ಸಾಮಾನ್ಯ ಡಿಎಸ್‌ಎಲ್‌ಆರ್‌ನ ಸೆನ್ಸರ್ 22.3 ಮತ್ತು 14.9 ಮಿ.ಮೀ., ಸಣ್ಣ ಅಂಚೆ ಚೀಟಿಯಷ್ಟು. ವಿಸ್ತೀರ್ಣದ ಲೆಕ್ಕದಲ್ಲಿ ಸುಮಾರು 12 ಪಟ್ಟು. ಮಳೆಯಲ್ಲಿ ತಂಬಿಗೆ ಇಟ್ಟರೆ ಎಷ್ಟು ನೀರು, ಬುಟ್ಟಿಯಗಲದ ಬೋಗುಣಿ ಇಟ್ಟರೆ ಎಷ್ಟು? ಅಷ್ಟೇ ವಿಷಯ. ಬಿಸಿಲಿನಲ್ಲಿ ಎರಡೂ ತುಂಬುತ್ತವೆ, ವ್ಯತ್ಯಾಸ ಕಾಣುವುದಿಲ್ಲ. ಮಂಟಪದೊಳಗೆ, ಸಂಜೆಯ ಅಂಗಳದಲ್ಲಿ, ತಗಡಿನ ಶೆಡ್ಡಿನ ಶಾಲೆಯಲ್ಲಿ ತೊಗರಿ ಕಾಳಿನ ಬಂಡವಾಳ ಬಯಲಾಗುತ್ತದೆ. ಐಎಸ್‌ಒ ಅಂದರೆ ಬೆಳಕು ಸಾಲದಾಗ ಕ್ಯಾಮೆರಾ ಅದನ್ನು ಹಿಗ್ಗಿಸಿಕೊಳ್ಳುವ ಅಳತೆ. ನನ್ನ ಕಣ್ಣಿಗೆ ಸಣ್ಣ ಸೆನ್ಸರಿನಲ್ಲಿ ಐಎಸ್‌ಒ 800 ದಾಟಿದರೆ ರವೆ ಶುರು. ದೊಡ್ಡದರಲ್ಲಿ 3200ರ ತನಕ ಧೈರ್ಯವಾಗಿ ಹೋಗುತ್ತೇನೆ.

ಆದರೆ ಇಲ್ಲೊಂದು ಕೊಂಡಿ ಇದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಲೆನ್ಸ್ ಬದಲಿಸುವ ಕ್ಯಾಮೆರಾದ ಜೊತೆ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ ಮುಂದಕ್ಕೆ ತಿರುಗಿಸಿದರೆ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್ 5.6ಕ್ಕೆ ಇಳಿಯುತ್ತದೆ (ಎಫ್ ಅಂಕಿ ದೊಡ್ಡದಾದಷ್ಟು ಕಿಂಡಿ ಸಣ್ಣದು). ಜೂಮ್ ಕ್ಯಾಮೆರಾ ಅಗಲ ತುದಿಯಲ್ಲಿ ಎಫ್ 2.8 ತೆರೆಯುತ್ತದೆ, ಅಂದರೆ ನಾಲ್ಕು ಪಟ್ಟು ಬೆಳಕು. 12 ಪಟ್ಟಿನ ಲಾಭ ಹೀಗೆ ಮೂರು ಪಟ್ಟಿನ ತನಕವೂ ಇಳಿಯಬಹುದು. ಕಿಟ್ ಲೆನ್ಸನ್ನು ಕಾಯಂ ಹಾಕಿಕೊಂಡೇ ತಿರುಗುವವರು ಲೆನ್ಸ್ ಬದಲಿಸುವ ಕ್ಯಾಮೆರಾಕ್ಕೆ ದುಡ್ಡು ಕೊಟ್ಟು ಅದರ ಮುಕ್ಕಾಲು ಪಾಲನ್ನು ಪೆಟ್ಟಿಗೆಯಲ್ಲೇ ಬಿಟ್ಟ ಹಾಗೆ. ಇದಕ್ಕೆ ಔಷಧ 50 ಮಿ.ಮೀ. ಎಫ್ 1.8 ಲೆನ್ಸ್. ಅಂಗೈಯಲ್ಲಿ ಹಿಡಿಸುತ್ತದೆ, ಕ್ಯಾನನ್ನಿನದು 160 ಗ್ರಾಂ. ಅಗ್ಗದ ಲೆನ್ಸುಗಳಲ್ಲಿ ಒಂದು, ಎಫ್ 5.6ಕ್ಕೆ ಹೋಲಿಸಿದರೆ ಹತ್ತು ಪಟ್ಟಿನ ಹತ್ತಿರ ಬೆಳಕು ಒಳಗೆ ಬಿಡುತ್ತದೆ.

ಬಾದಾಮಿಯ ಮೂರನೇ ಗುಹೆಗೆ ಎರಡೂ ಕ್ಯಾಮೆರಾ ಒಯ್ದು ನೋಡಿದ್ದೇನೆ. ಕ್ರಿ.ಶ. 578ರ ಶಾಸನ ಇರುವ ಗುಹೆ ಅದು. ಪಡಸಾಲೆಯ ಕಂಬಗಳ ಮೇಲ್ಭಾಗದಲ್ಲಿ ದಂಪತಿಗಳ ಶಿಲ್ಪಗಳಿವೆ, ಮೇಲೆ ನೆರಳು, ಹಿಂದೆ ಹೊರಗಿನ ಬಿಳಿ ಬಿಸಿಲು. ಅಲ್ಲಿ ಟ್ರೈಪಾಡ್ ಇಡಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಅಂದರೆ ಕೈಯಲ್ಲಿ ಹಿಡಿದೇ ತೆಗೆಯಬೇಕು. 50ರ ಲೆನ್ಸ್ ಎಫ್ 2ಕ್ಕೆ ಇಟ್ಟು ತೆಗೆದದ್ದರಲ್ಲಿ ಕಲ್ಲಿನ ಕೆಂಪು, ಸರದ ಒಂದೊಂದು ಮಣಿ ಕೂತಿದೆ. ಜೂಮ್ ಕ್ಯಾಮೆರಾದ್ದರಲ್ಲಿ ಮಣಿಗಳು ಒಂದಕ್ಕೊಂದು ಮೆತ್ತಿಕೊಂಡು ದಾರವಾಗಿವೆ. ಅದೇ ಗುಹೆಯ ಮುಂದೆ ನಿಂತು ಅಗಸ್ತ್ಯ ತೀರ್ಥದ ಆಚೆ ದಂಡೆಯ ಭೂತನಾಥ ಗುಡಿಯನ್ನು ಎಳೆದು ತೋರಿಸಿದ್ದು ಜೂಮ್ ಕ್ಯಾಮೆರಾ. 50ರ ಲೆನ್ಸಿನಲ್ಲಿ ಗುಡಿ ಬೆಂಕಿಪೆಟ್ಟಿಗೆಯಷ್ಟು ಕಂಡಿತು.

ಇನ್ನೊಂದು ಮಾತೂ ಜೂಮಿನವರ ಪರವಾಗಿ. ಗೋಲ್ ಗುಂಬಜ್ ಮುಂದೆ ನಿಂತು ಇಡೀ ಕಟ್ಟಡ ತೆಗೆಯಲು ಹೋದರೆ ಕಿಟ್ ಲೆನ್ಸಿನ 18 ಅಂದರೆ ಕ್ಯಾನನ್ನಿನಲ್ಲಿ 29 ಮಿ.ಮೀ.ಗೆ ಸಮ. ಜೂಮ್ ಕ್ಯಾಮೆರಾದ ಅಗಲ ತುದಿ 24. ಹಿಂದೆ ಹಿಂದೆ ಸರಿಯುವ ಕಷ್ಟ ಡಿಎಸ್‌ಎಲ್‌ಆರ್‌ನವನಿಗೇ ಹೆಚ್ಚು.

ಕತ್ತಲಲ್ಲೂ ಎರಡು ಬಗೆ, ಕಾಲಂ ತುಂಬುವಾಗ ಬೇರ್ಪಡಿಸಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದನ್ನು ತೆಗೆಯಬೇಕೇ? ಅದು ಟ್ರೈಪಾಡಿನ ಕೆಲಸ. ಐಎಸ್‌ಒ 100, ಶಟರ್ ಮೂರ್ನಾಲ್ಕು ಸೆಕೆಂಡ್ ತೆರೆದಿಟ್ಟರೆ ಯಾವ ಕ್ಯಾಮೆರಾದಲ್ಲೂ ಚಂದ ಬರುತ್ತದೆ. ಚಂದ್ರನೂ ಹಾಗೆಯೇ, ಅವನು ಕತ್ತಲಲ್ಲಿದ್ದರೂ ಅವನ ಮೇಲೆ ಬಿದ್ದಿರುವುದು ಬಿಸಿಲು. 2000 ಮಿ.ಮೀ.ಗೆ ಚೌಕಟ್ಟಿನ ಮೂರರಲ್ಲಿ ಎರಡು ಪಾಲು ಎತ್ತರ ಚಂದ್ರನೇ. ಜೂಮ್ ಕ್ಯಾಮೆರಾ ಕೊಂಡವರೆಲ್ಲ ಮೊದಲ ರಾತ್ರಿ ಮಾಳಿಗೆ ಏರಿ ಚಂದ್ರನನ್ನೇ ತೆಗೆಯುತ್ತಾರೆ. ನಾನೂ ತೆಗೆದೆ. ಎರಡನೇ ರಾತ್ರಿಯೂ ಅದೇ ಚಂದ್ರ, ಅದೇ ಮುಖ. ಚಂದ್ರನಿಗಾಗಿ ಕ್ಯಾಮೆರಾ ಕೊಳ್ಳಬೇಡಿ. ನಿಜವಾದ ಕತ್ತಲಿನ ಕಾಲಂ ಅಂದರೆ ಬೆಳಕು ಕಡಿಮೆ ಇದ್ದು, ಎದುರಿಗಿರುವುದು ಜೀವಂತ ಮನುಷ್ಯರಾಗಿರುವುದು.

ಓಟ

ಕಾರಹುಣ್ಣಿವೆಯ ದಿನ ನಮ್ಮೂರ ಅಗಸಿಯಲ್ಲಿ ಕರಿ ಹರಿಯುತ್ತಾರೆ. ಸಂಜೆ ಹೊತ್ತು, ಮುಂಗಾರಿನ ಮೋಡ, ಕೊಂಬಿಗೆ ಬಣ್ಣ ಬಳಿದ ಎತ್ತುಗಳು ಒಮ್ಮೆಲೇ ನುಗ್ಗುತ್ತವೆ. ಎಲ್ಲಾ ಸೇರಿ ನಾಲ್ಕೈದು ಸೆಕೆಂಡಿನ ಆಟ. ಜೂಮ್ ಕ್ಯಾಮೆರಾ ಹಿಡಿದು ಗೋಡೆ ಏರಿ ಕೂತಿದ್ದೆ. ಬಟನ್ ಒತ್ತಿದೆ, ಫೋಕಸ್ ಹಿಂದೆ ಮುಂದೆ ತಡಕಾಡಿತು, ಚಿತ್ರ ಬಿತ್ತು. ನೋಡಿದರೆ ಧೂಳು, ಒಂದು ಬಾಲ, ಬಾಲದ ಹಿಂದೆ ಓಡುವ ಹುಡುಗರು. ಇಂಥ ಬಹುತೇಕ ಕ್ಯಾಮೆರಾಗಳು ಚಿತ್ರದ ಅಂಚು ಸ್ಪಷ್ಟವಾಗುವ ತನಕ ಲೆನ್ಸನ್ನು ಅತ್ತಿತ್ತ ಸರಿಸಿ ಫೋಕಸ್ ಹುಡುಕುತ್ತವೆ. ಡಿಎಸ್‌ಎಲ್‌ಆರ್‌ನಲ್ಲಿ ಕಿಂಡಿಯೊಳಗಿಂದ ನೋಡಿ ತೆಗೆಯುವಾಗ, ಮತ್ತು ಲೆನ್ಸ್ ಬದಲಿಸುವಂಥವೇ ಆದ, ಒಳಗೆ ಕನ್ನಡಿಯಿಲ್ಲದ ಈಗಿನ ಮಿರರ್‌ಲೆಸ್‌ಗಳಲ್ಲಿ, ಯಾವ ಕಡೆಗೆ ಎಷ್ಟು ಸರಿಯಬೇಕು ಎಂಬುದು ಒಂದೇ ಏಟಿಗೆ ಗೊತ್ತಾಗುತ್ತದೆ. ಅದರ ಮೇಲೆ ಎತ್ತನ್ನು ಹಿಡಿದು ನಿಲ್ಲಿಸಲು 1/1000 ಸೆಕೆಂಡಿನ ಶಟರ್ ಬೇಕು, ಮೋಡದ ಸಂಜೆಯಲ್ಲಿ ಅದಕ್ಕೆ ದೊಡ್ಡ ಸೆನ್ಸರೂ ಬೇಕು. ಓಟ ಹೆಚ್ಚಿದ್ದರೆ ಲೆನ್ಸ್ ಬದಲಿಸುವ ಕ್ಯಾಮೆರಾ. ಇದರಲ್ಲಿ ಚರ್ಚೆಗೆ ಜಾಗ ಕಾಣೆ.

ನಡುವಿನ ಒಂದು ಜಾತಿಯೂ ಇದೆ. ಲೆನ್ಸ್ ಕಾಯಂ, ಆದರೆ ಸೆನ್ಸರ್ ‘1 ಇಂಚಿನದು’, ಅಂದರೆ 13.2 ಮತ್ತು 8.8 ಮಿ.ಮೀ. (ಇಂಚಿನ ಲೆಕ್ಕ ಯಾರು ಹೇಗೆ ಮಾಡಿದರೋ!) ಸೋನಿ ಆರ್‌ಎಕ್ಸ್10 ನಾಲ್ಕನೇ ಮಾದರಿ 24-600ರ ಜೂಮ್, ಅಪರ್ಚರ್ 2.4ರಿಂದ 4, ಫೋಕಸ್ಸೂ ಚುರುಕು. ಪ್ಯಾನಸಾನಿಕ್ ಎಫ್‌ಝಡ್1000 ಮಾದರಿಯದು 25-400. ಮೂರು ಕಾಲಂ ಸಮಸಮ ಬಂದವರಿಗೆ, ಒಂದೇ ಬ್ಯಾಗಿನಲ್ಲಿ ಊರೂರು ತಿರುಗುವವರಿಗೆ ಇದು ಸರಿ. ಸೋನಿಯದ್ದರ ಬೆಲೆ ಕೇಳಿದ ಮೇಲೆ ಮಾತ್ರ ಎಮ್ಮೆ ಕೊಳ್ಳಲೋ ಕ್ಯಾಮೆರಾ ಕೊಳ್ಳಲೋ ಅನ್ನಿಸುತ್ತದೆ.

ಧೂಳಿನ ಮಾತು ನಮ್ಮ ಕಡೆಯವರಿಗೆ ಬಿಡಲಾಗದ್ದು. ಒಮ್ಮೆ ಜೋಳದ ರಾಶಿ ನಡೆದ ಹೊಲದಲ್ಲಿ ನಿಂತೇ ಲೆನ್ಸ್ ಬದಲಿಸಿದೆ. ಹೊಟ್ಟಿನ ಪುಡಿ ಒಳಗೆ ಹೋಗಿ ಸೆನ್ಸರ್ ಮೇಲೆ ಕೂತಿತು. ಆಮೇಲೆ ತೆಗೆದ ಪಟ್ಟದಕಲ್ಲಿನ ಆಕಾಶದ ತುಂಬ ಕರಿ ಚುಕ್ಕೆ. ತಪ್ಪು ನನ್ನದೇ. ಬದಲಿಸುವುದಿದ್ದರೆ ಗಾಳಿಗೆ ಬೆನ್ನು ಕೊಟ್ಟು, ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಬದಲಿಸಿ. ಚುಕ್ಕೆ ಬಿದ್ದರೆ ರಬ್ಬರ್ ಬ್ಲೋಯರ್‌ನಿಂದ ಊದಿ. ಬಾಯಿಂದ ಊದಿದರೆ ಉಗುಳು ಸಿಡಿದು ಕೆಲಸ ಕೆಡುತ್ತದೆ. ಜೂಮ್ ಕ್ಯಾಮೆರಾಕ್ಕೆ ಧೂಳಿನ ಭಯವಿಲ್ಲ ಅನ್ನುವುದು ಅರ್ಧ ಸತ್ಯ. ಲೆನ್ಸಿನ ಕೊಳವೆ ಉದ್ದ ಚಾಚಿ ಒಳಗೆ ಸರಿಯುವಾಗ ಗಾಳಿ ಎಳೆಯುತ್ತದೆ, ಗಾಳಿಯ ಜೊತೆ ಮಣ್ಣೂ ಬರುತ್ತದೆ. ಒಳಗೆ ಹೋದದ್ದನ್ನು ನೀವು ಮನೆಯಲ್ಲಿ ತೆಗೆಯಲಾರಿರಿ, ಸರ್ವಿಸ್ ಸೆಂಟರಿಗೇ ಕಳಿಸಬೇಕು. ಬೆಳಗಾವಿ, ಖಾನಾಪುರ ಕಡೆಯವರಿಗೆ ಧೂಳಿಗಿಂತ ಮಳೆಗಾಲದ ತೇವದ ಕಾಟ ಹೆಚ್ಚು, ಲೆನ್ಸಿನೊಳಗೆ ಬೂಸು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಇದ್ದರೆ ಸಾಕು.

ಲೆನ್ಸ್ ಬದಲಿಸುವ ಕಡೆಗೆ ಮನಸ್ಸು ವಾಲಿದರೆ ಡಿಎಸ್‌ಎಲ್‌ಆರೋ ಮಿರರ್‌ಲೆಸ್ಸೋ ಅನ್ನುವ ಪ್ರಶ್ನೆ ಬರುತ್ತದೆ. ಕಂಪನಿಗಳ ಹೊಸ ಮಾದರಿ, ಹೊಸ ಲೆನ್ಸ್ ಬಹುತೇಕ ಎಲ್ಲಾ ಈಗ ಮಿರರ್‌ಲೆಸ್‌ಗೇ. ಕೈ ಬಿಗಿ ಇದ್ದವರಿಗೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್‌ನಷ್ಟು ಲಾಭದ್ದು ಬೇರೆ ಇಲ್ಲ. ಕೊಳ್ಳುವಾಗ ಬಾಡಿಗೂ ಲೆನ್ಸಿಗೂ ಹೊಂದುತ್ತದೆಯೋ ನೋಡಿ. ನಿಕಾನ್ ಡಿ3500, ಡಿ5600 ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ 50 ಎಫ್ 1.8 ‘ಡಿ’ ಲೆನ್ಸ್ ತಂದರೆ ಕೈಯಿಂದ ತಿರುಗಿಸಿ ಫೋಕಸ್ ಮಾಡುತ್ತ ಕೂರಬೇಕು, ಈ 50ರಲ್ಲಿ ‘ಎಎಫ್-ಎಸ್’ ಅಂತ ಬರೆದದ್ದೇ ಬೇಕು. ಕ್ಯಾನನ್ನಿನ ಹಳೆಯ ಇಎಫ್ ಲೆನ್ಸ್ ಹೊಸ ಆರ್ ಮಾದರಿಗೆ ನೇರ ಕೂರುವುದಿಲ್ಲ, ನಡುವೆ ಅಡಾಪ್ಟರ್ ಹಾಕಬೇಕು.

ಹಳೆಯದನ್ನು ನೋಡಲು ಹೋಗುವಾಗ ಜೇಬಿನಲ್ಲಿ ನಿಮ್ಮದೇ ಮೆಮೊರಿ ಕಾರ್ಡ್, ಒಂದು ಸಣ್ಣ ಬ್ಯಾಟರಿ (ಟಾರ್ಚ್) ಇರಲಿ. ಲೆನ್ಸ್ ಬಿಚ್ಚಿ ಬ್ಯಾಟರಿಯ ಬೆಳಕನ್ನು ಹಿಂದಿನಿಂದ ಓರೆಯಾಗಿ ಬಿಡಿ, ಜೇಡರ ಬಲೆಯಂಥ ಎಳೆ ಕಂಡರೆ ಬೂಸು, ಎದ್ದು ಬನ್ನಿ. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು ಚುಕ್ಕೆ ಹುಡುಕಿ. ಶಟರ್ ಎಷ್ಟು ಸಲ ಬಡಿದಿದೆ ಕೇಳಿ. ಆರಂಭದ ದರ್ಜೆಯವಕ್ಕೆ ಸುಮಾರು 1 ಲಕ್ಷ ಬಡಿತದ ಆಯುಷ್ಯ ಅಂತ ಲೆಕ್ಕ ಹಿಡಿಯುತ್ತಾರೆ. ಹೊಸದು ಕೊಳ್ಳುವವರೂ ಅಂಗಡಿಯೊಳಗಿನ ಝಗಝಗ ಬೆಳಕಿನಲ್ಲಿ ತೆಗೆದು ಮೆಚ್ಚಬೇಡಿ. ಕೌಂಟರಿನ ಕೆಳಗಿನ ಕತ್ತಲ ಮೂಲೆ ತೆಗೆಯಿರಿ, ಬಾಗಿಲಿಗೆ ಬಂದು ರಸ್ತೆಯಾಚೆಯ ಬೋರ್ಡು ಎಳೆಯಿರಿ, ಹೋಗುವ ಟಂಟಂ ಒಂದನ್ನು ಹಿಡಿಯಿರಿ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದ ಮೇಲೆ ದುಡ್ಡಿನ ಮಾತು.

ತಂಗಿಯ ಮಗಳು ಎರಡು ದಿನ ಬಿಟ್ಟು ಹಾಳೆಯ ಫೋಟೋ ಕಳಿಸಿದಳು. ಕತ್ತಲು 47, ಓಟ 39, ದೂರ 9. ಆ ಒಂಬತ್ತರಲ್ಲಿ ಆರು ಭೂತನಾಳ ಕೆರೆಯ ಒಂದೇ ಕೊಕ್ಕರೆಯವು. ಅವಳು ಪ್ರಾಥಮಿಕ ಶಾಲೆಯ ಟೀಚರ್, ಫೋಟೋಗಳಲ್ಲಿ ಮುಕ್ಕಾಲು ಪಾಲು ಮಕ್ಕಳೇ. “83 ಪಟ್ಟು ಬ್ಯಾಡ ಬಿಡ್ರಿ ಮಾಮಾ,” ಅಂದಳು. ಮೂರು ವರ್ಷ ಬಳಸಿದ ಡಿಎಸ್‌ಎಲ್‌ಆರ್ ಒಂದನ್ನು ಕಿಟ್ ಲೆನ್ಸ್ ಸಮೇತ ಕೊಂಡೆವು, ಉಳಿದ ದುಡ್ಡಿನಲ್ಲಿ ಹೊಸ 50 ಎಫ್ 1.8. ಶಾಲೆಯ ಗ್ಯಾದರಿಂಗ್‌ಗೆ ಎಫ್ 2.2, 1/250, ಐಎಸ್‌ಒ 1600 ಅಂತ ಚೀಟಿ ಬರೆದು ಕೊಟ್ಟಿದ್ದೆ. ವೇದಿಕೆಯ ಕೋಲಾಟ ಚೊಕ್ಕ ಬಂತು. ತರಗತಿಯೊಳಗೆ ಮಾತ್ರ 50 ಬಹಳ ಹತ್ತಿರ ಎಳೆಯುತ್ತದೆ, ಅದು 80ಕ್ಕೆ ಸಮ. ಬೆನ್ನು ಗೋಡೆಗೆ ಹಚ್ಚಿ ನಿಂತರೂ ನಾಲ್ಕೇ ಮಕ್ಕಳು ಸಿಕ್ಕರು ಅಂತ ಫೋನ್ ಮಾಡಿದ್ದಳು. ಮುಂದಿನ ಪಗಾರದಲ್ಲಿ 24ರ ಲೆನ್ಸ್ ಹುಡುಕಬೇಕು. ಕೊಕ್ಕರೆಗೆ ನನ್ನ ಜೂಮ್ ಕ್ಯಾಮೆರಾ ಒಯ್ದಿದ್ದಾಳೆ.